ಇಪ್ಪತ್ತು ಸೆಂಟಿಮೀಟರ್ ಸುಳ್ಳು

ಆ ಹುಡುಗಿ ಬರೆದಿದ್ದ ಅಂಕಿ ಸರಿಯಾಗಿತ್ತು. ನಾನು ಅದರ ಮೇಲೆ ಕೆಂಪು ಇಂಕಿನಲ್ಲಿ ಗೀಟು ಎಳೆದು, ಪಕ್ಕದಲ್ಲಿ ‘20 ಸೆಂ.ಮೀ., ತಿದ್ದಿ ಬರೆ’ ಎಂದು ಬರೆದು ಸಹಿ ಹಾಕಿದ್ದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ನಾನು ಬೇರೆಯವರ ಮೇಲೆ ಹರಿಹಾಯುವುದಿದೆ. ಆಗ ಓದುವವರು ನನ್ನನ್ನು ಒಳ್ಳೆಯವರ ಸಾಲಿನಲ್ಲಿ ಕೂರಿಸುವುದು ಬೇಡ.

ಆ ವರ್ಷ ನಾನು ನಂಜನಗೂಡಿನ ಮನೆಯಿಂದ ದಿನಾ ಎರಡು ಬಸ್ಸು ಹತ್ತಿ ತಿ. ನರಸೀಪುರ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಗೆ ಹೋಗುತ್ತಿದ್ದೆ. ಶಾಲೆಯ ಹೆಸರು ಬೇಡ. ನಾಲೆಯ ಪಕ್ಕ, ಕಬ್ಬಿನ ಗದ್ದೆಗಳ ನಡುವೆ ಇರುವ ಶಾಲೆ. ನಾನು ಓದಿದ್ದು ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ. ಆದರೆ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಡಂ ಎಂದರೆ ಭೌತಶಾಸ್ತ್ರವೂ ನಮ್ಮ ತಲೆಗೇ. ಹೃದಯದ ಚಿತ್ರವನ್ನು ಕಣ್ಣು ಮುಚ್ಚಿ ಬೋರ್ಡಿನ ಮೇಲೆ ಬರೆಯಬಲ್ಲೆ. ಬೆಳಕಿನ ಪಾಠ ಬಂತೆಂದರೆ ಮಾತ್ರ ಕೈಯಲ್ಲಿ ಗೈಡು ಇರಲೇಬೇಕು, ಮಕ್ಕಳು ಅಡ್ಡಪ್ರಶ್ನೆ ಕೇಳದಿದ್ದರೆ ಸಾಕಪ್ಪ ಅನ್ನಿಸುತ್ತಿತ್ತು.

ಹತ್ತನೇ ತರಗತಿಯವರಿಗೆ ಪ್ರಯೋಗಗಳ ರೆಕಾರ್ಡು ಪುಸ್ತಕ ಇರುತ್ತದೆ. ಪ್ರಯೋಗ ಮಾಡಿ, ಕಂಡದ್ದನ್ನು ಅದರಲ್ಲಿ ಬರೆಯಬೇಕು. ಅದಕ್ಕೆ ಶಾಲೆಯಲ್ಲೇ ಆಂತರಿಕ ಅಂಕ ಕೊಡುತ್ತೇವೆ, ಆ ಅಂಕ ಪಬ್ಲಿಕ್ ಪರೀಕ್ಷೆಯ ಅಂಕದ ಜೊತೆ ಸೇರುತ್ತದೆ. ನಮ್ಮ ಶಾಲೆಯಲ್ಲಿ ಇದಕ್ಕೊಂದು ಪದ್ಧತಿ ಇತ್ತು. ಹೆಡ್ಮಾಸ್ಟರ ಬೀರುವಿನಲ್ಲಿ ಕಂದು ಅಟ್ಟೆಯ ಹಳೆಯ ರೆಕಾರ್ಡು ಒಂದಿತ್ತು. ಎಂದೋ ಓದಿ ಹೋದ ಒಬ್ಬ ಹುಡುಗಿಯ ಪುಸ್ತಕ. ಮುತ್ತು ಪೋಣಿಸಿದ ಹಾಗೆ ಅಕ್ಷರ. ಪ್ರತಿ ವರ್ಷ ಅದನ್ನು ಹೊರತೆಗೆದು ಮೊದಲ ಬೆಂಚಿಗೆ ಕೊಡುತ್ತಿದ್ದರು. ಅಲ್ಲಿಂದ ಅದು ಕೊನೆಯ ಬೆಂಚಿನವರೆಗೂ ಹೋಗಿ, ಎಲ್ಲರೂ ನಕಲು ಮಾಡಿಕೊಂಡ ಮೇಲೆ ಬೀರುವಿಗೆ ವಾಪಸ್ಸು. ಶಾಲೆಯಲ್ಲಿ ಅದಕ್ಕೆ ‘ಮಾಸ್ಟರ್ ರೆಕಾರ್ಡು’ ಎಂದೇ ಹೆಸರು. ಒಬ್ಬ ಹುಡುಗ ಎಷ್ಟು ಶ್ರದ್ಧೆಯಿಂದ ನಕಲು ಮಾಡಿದ್ದನೆಂದರೆ, ಕೆಳಗೆ ಆ ಹಳೆಯ ಹುಡುಗಿಯ ಹೆಸರನ್ನೂ ಬರೆದುಕೊಂಡಿದ್ದ. ಸ್ಟಾಫ್ ರೂಮಿನಲ್ಲಿ ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆವು. ಆ ನಗು ನೆನೆದರೆ ಈಗ ಮೈ ಉರಿಯುತ್ತದೆ.

ಆ ಪುಸ್ತಕದಲ್ಲಿ ಪೀನ ಮಸೂರದ ಸಂಗಮದೂರ ಕಂಡುಹಿಡಿಯುವ ಪ್ರಯೋಗವಿತ್ತು. ಹೇಳಿಕೊಳ್ಳುವಂಥ ಕಷ್ಟದ್ದಲ್ಲ. ನಡುವೆ ದಪ್ಪ, ಅಂಚು ತೆಳು ಇರುವ ಲೆನ್ಸನ್ನು ಕಿಟಕಿಯತ್ತ ಹಿಡಿದರೆ ದೂರದ ಮರವೊಂದರ ಬಿಂಬ ಎದುರಿನ ಗೋಡೆಯ ಮೇಲೆ ತಲೆಕೆಳಗಾಗಿ ಬೀಳುತ್ತದೆ. ಲೆನ್ಸನ್ನು ಹಿಂದೆ ಮುಂದೆ ಸರಿಸಿ, ಬಿಂಬ ಚೆನ್ನಾಗಿ ಸ್ಪಷ್ಟವಾದಾಗ ಲೆನ್ಸಿಗೂ ಗೋಡೆಗೂ ನಡುವಿನ ದೂರ ಅಳೆದರೆ ಅದೇ ಸಂಗಮದೂರ. ಮಾಸ್ಟರ್ ರೆಕಾರ್ಡಿನಲ್ಲಿ ಮೂರು ಅಳತೆ ಬರೆದಿತ್ತು. ಮೂರೂ ಇಪ್ಪತ್ತು. ಸರಾಸರಿ ಇಪ್ಪತ್ತು. ನಲವತ್ತೆರಡು ಮಕ್ಕಳ ತರಗತಿಯಲ್ಲಿ ನಲವತ್ತೊಂದು ರೆಕಾರ್ಡಿನಲ್ಲೂ ಇಪ್ಪತ್ತೇ ಇತ್ತು.

ಒಂದರಲ್ಲಿ ಮಾತ್ರ 15.2, 14.8, 15 ಎಂದಿತ್ತು. ನಾನು ಗೀಟು ಹೊಡೆದದ್ದು ಅದಕ್ಕೆ.

ಅದು ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುವ ಹೆಂಗಸಿನ ಮಗಳದ್ದು. ಮಾತು ಕಡಿಮೆಯ ಹುಡುಗಿ, ಮೂರನೇ ಬೆಂಚು. ಯಾರೋ ಅಧಿಕಾರಿ ಬರುತ್ತಾರೆಂದು ಅಟೆಂಡರ್ ಧೂಳು ಹೊಡೆಯಲು ಲ್ಯಾಬಿನ ಬೀರು ತೆಗೆದಿದ್ದಾಗ, ಅವನನ್ನು ಕೇಳಿ ಲೆನ್ಸ್ ಇಸಿದುಕೊಂಡು ಊಟದ ಬಿಡುವಿನಲ್ಲಿ ಅಳೆದಿದ್ದಳು. ಗೀಟು ಬಿದ್ದ ಮರುದಿನ ನನ್ನ ಮೇಜಿನ ಮುಂದೆ ಬಂದು ನಿಂತಳು. ಕೈಯಲ್ಲಿ ಅದೇ ಲೆನ್ಸು ಮತ್ತು ಒಂದು ಸ್ಕೇಲು.

“ಮಿಸ್, ಒಂದ್ಸಲ ನೀವೇ ಅಳೆದು ನೋಡಿ.”

“ಪುಸ್ತಕದಲ್ಲಿ ಇರೋದು ತಪ್ಪಾ ಹಾಗಾದ್ರೆ? ಹೋಗು, ನಂಗೆ ಪಿರಿಯಡ್ ಇದೆ.”

ಪಿರಿಯಡ್ ಇರಲಿಲ್ಲ. ಅಳೆಯುವುದು ಹೇಗೆಂದು ಗೈಡಿನಲ್ಲಿ ಓದಿದ್ದೆನೇ ಹೊರತು ಕೈಯಾರೆ ಒಮ್ಮೆಯೂ ಮಾಡಿರಲಿಲ್ಲ. ಒಂದು ಮಗುವಿನ ಮುಂದೆ ತಡವರಿಸುವುದಕ್ಕಿಂತ ಗದರಿಸಿ ಕಳಿಸುವುದು ಸುಲಭ. ಅವಳು ಲೆನ್ಸನ್ನು ನನ್ನ ಮೇಜಿನ ಮೇಲೆ ಇಟ್ಟು ಹೋದಳು.

ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಬಾಗಿಲು ಮುಂದೆ ಮಾಡಿಕೊಂಡು ಅಳೆದೆ. ನಾಲೆಯ ಆಚೆಯ ತೆಂಗಿನ ಮರ ಸ್ಟಾಫ್ ರೂಮಿನ ಗೋಡೆಯ ಮೇಲೆ ತಲೆಕೆಳಗಾಗಿ ನಿಂತಿತು, ಗರಿ ಅಲ್ಲಾಡುವುದೂ ಕಾಣಿಸುತ್ತಿತ್ತು. ಹದಿನೈದು. ಮತ್ತೆ ಅಳೆದೆ, ಹದಿನೈದು ಚಿಲ್ಲರೆ. ಇಪ್ಪತ್ತಕ್ಕೆ ಹಿಡಿದರೆ ಗೋಡೆಯ ಮೇಲೆ ಹಸಿರು ಕಲೆ ಬಿಟ್ಟರೆ ಏನೂ ಇಲ್ಲ. ಹಳೆಯ ದಾಸ್ತಾನು ಪುಸ್ತಕ ತೆಗೆಸಿ ನೋಡಿದೆ. ಇಪ್ಪತ್ತು ಸೆಂಟಿಮೀಟರಿನ ಲೆನ್ಸು ಶಾಲೆಯಲ್ಲಿ ಇದ್ದದ್ದು ನಿಜ. ಅದು ಒಡೆದುಹೋಗಿ, ಅದರ ಬದಲಿಗೆ ಹದಿನೈದರವು ಎರಡು ಬಂದಿದ್ದವು. ಬಂದು ಎಷ್ಟೋ ವರ್ಷವಾಗಿತ್ತು. ಅಷ್ಟು ವರ್ಷವೂ ಮಕ್ಕಳು ಇಲ್ಲದ ಲೆನ್ಸಿನ ಅಳತೆ ಬರೆದಿದ್ದರು, ನಾವು ರೈಟ್ ಮಾರ್ಕು ಹಾಕಿದ್ದೆವು. ಅಂದರೆ ಅಷ್ಟು ವರ್ಷದಲ್ಲಿ ಒಬ್ಬರೂ, ಮಕ್ಕಳಾಗಲಿ ಮೇಷ್ಟ್ರುಗಳಾಗಲಿ, ಆ ಗಾಜನ್ನು ಕಿಟಕಿಗೆ ಹಿಡಿದಿರಲಿಲ್ಲ. ನನಗೆ ನಾಚಿಕೆಯಾಗಲಿಲ್ಲ, ಸಿಟ್ಟು ಬಂತು. ನಾಚಿಕೆ ಆಮೇಲೆ ಬಂತು.

ಮರುದಿನ ತರಗತಿಯಲ್ಲಿ ಅವಳ ರೆಕಾರ್ಡು ತೆಗೆದು, ನಾನು ಹೊಡೆದಿದ್ದ ಗೀಟಿನ ಮೇಲೆ ಇನ್ನೊಂದು ಗೀಟು ಹೊಡೆದು, ‘ವಿದ್ಯಾರ್ಥಿನಿಯ ಅಳತೆ ಸರಿ. ತಪ್ಪು ನನ್ನದು’ ಎಂದು ಬರೆದು ಸಹಿ ಮಾಡಿದೆ. ಉಳಿದ ನಲವತ್ತೊಂದು ಜನ ಆ ಪುಟ ಹರಿದು, ಪ್ರಯೋಗ ಮಾಡಿ ಹೊಸದಾಗಿ ಬರೆಯಬೇಕು ಎಂದೆ. ತರಗತಿ ನನ್ನನ್ನು ಹುಚ್ಚಿಯ ಹಾಗೆ ನೋಡಿತು.

ಲ್ಯಾಬು ಎಂಬ ಬೋರ್ಡಿನ ಕೋಣೆಯಲ್ಲಿ ಬಿಸಿಯೂಟದ ಅಕ್ಕಿ ಮೂಟೆ, ಹಾಲಿನ ಪುಡಿಯ ಚೀಲ, ಮುರಿದ ಬೆಂಚು ತುಂಬಿದ್ದವು. ಮೂಟೆಗಳನ್ನು ಒಂದು ಗೋಡೆಗೆ ಒಟ್ಟಿಸಿ ಕಿಟಕಿ ತೆರೆಸಿದೆ. ಬೀರುವಿನಲ್ಲಿ ‘ಪೀನ’ ಎಂಬ ಚೀಟಿಯ ಡಬ್ಬದಲ್ಲಿ ಇನ್ನೂ ಎರಡು ಲೆನ್ಸು ಸಿಕ್ಕವು. ಒಂದನ್ನು ಎಷ್ಟು ಸರಿಸಿದರೂ ಗೋಡೆಯ ಮೇಲೆ ಬಿಂಬ ಬೀಳಲಿಲ್ಲ. ಬೆರಳಿನಲ್ಲಿ ಮುಟ್ಟಿ ನೋಡಿದರೆ ನಡುವೆ ತೆಳು, ಅಂಚು ದಪ್ಪ. ನಿಮ್ನ ಮಸೂರವನ್ನು ಪೀನದ ಡಬ್ಬದಲ್ಲಿ ಇಟ್ಟಿದ್ದರು. ಇನ್ನೊಂದು ಹದಿನೈದರದ್ದೇ, ಆದರೆ ಅಂಚು ಚಕ್ಕೆ ಎದ್ದಿತ್ತು. ಅಂಚು ಹೋದ ಲೆನ್ಸಿನಲ್ಲಿ ಮರದ ಅಂಚೂ ಕಾಣುವುದಿಲ್ಲ ಎಂದು ಮಕ್ಕಳು ವಾದ ಮಾಡಿದರು. ನನಗೂ ಹಾಗೇ ಅನ್ನಿಸಿತ್ತು. ಹಿಡಿದು ನೋಡಿದರೆ ಮರ ಪೂರ್ತಿ ಬಿತ್ತು, ಬೆಳಕು ಮಾತ್ರ ಸ್ವಲ್ಪ ಮಂಕು. ಅಷ್ಟರಲ್ಲಿ ರಸ್ತೆಯಲ್ಲಿ ಬನ್ನೂರಿನ ಬಸ್ಸು ಹೋಯಿತು. ಗೋಡೆಯ ಮೇಲೆ ಬೆರಳುದ್ದದ ಕೆಂಪು ಬಸ್ಸು ಚಕ್ರ ಮೇಲು ಮಾಡಿಕೊಂಡು, ಎಡಕ್ಕೆ ಹೋಗಬೇಕಾದದ್ದು ಬಲಕ್ಕೆ ಹೋಯಿತು. “ಲೇ, ಬಸ್ಸು ಮಗುಚ್ಕೊಂಡು ಓಯ್ತಾ ಅದೆ ನೋಡ್ಲಾ,” ಎಂದು ಹಿಂದಿನ ಬೆಂಚಿನವನೊಬ್ಬ ಎದ್ದು ಬಂದ. ಪಾಠ ಮಾಡಲು ಶುರು ಮಾಡಿದಾಗಿನಿಂದ ಹಿಂದಿನ ಬೆಂಚಿನಿಂದ ಯಾರೂ ತಾನಾಗಿ ಮುಂದೆ ಬಂದದ್ದನ್ನು ನಾನು ನೋಡಿರಲಿಲ್ಲ.

ಮೂರು ಮೂರು ಜನರ ಗುಂಪು ಮಾಡಿದೆ. ಒಬ್ಬರು ಲೆನ್ಸು ಹಿಡಿಯುವುದು, ಒಬ್ಬರು ಅಳೆಯುವುದು, ಒಬ್ಬರು ಬರೆಯುವುದು, ಆಮೇಲೆ ಅದಲು ಬದಲು. ಕೈ ನಡುಗಿದರೆ ಅಳತೆ ಕೆಡುತ್ತದೆ ಎಂದು ಮರದ ಪಟ್ಟಿಯೊಂದಕ್ಕೆ ಬಟ್ಟೆ ಒಣಹಾಕುವ ಕ್ಲಿಪ್ಪು ಮೊಳೆ ಹೊಡೆದು, ಅದಕ್ಕೆ ಲೆನ್ಸು ಸಿಗಿಸಿದೆವು. ಗೋಡೆ ಒರಟಾದ್ದರಿಂದ ಹಳೆಯ ಮದುವೆ ಕಾಗದದ ಬಿಳಿ ಬೆನ್ನನ್ನು ಪರದೆ ಮಾಡಿದೆವು. ಮೊದಲ ಮೂರು ಗುಂಪಿಗೆ 14.6, 15.3, 15 ಬಂತು. ಮಕ್ಕಳ ಮುಖ ಸಪ್ಪಗಾಯಿತು.

“ಯಾರ್ದು ಸರಿ ಮಿಸ್?”

“ಎಲ್ಲರದ್ದೂ ಸರಿ. ಅದಕ್ಕೇ ಮೂರು ಸಲ ಅಳೆದು ಸರಾಸರಿ ತೆಗಿಯೋದು.”

ಅವರಿಗೆ ನಂಬಿಕೆಯೇ ಬರಲಿಲ್ಲ. ಪ್ರಾಮಾಣಿಕವಾಗಿ ಅಳೆದ ಇಬ್ಬರಿಗೆ ಬೇರೆ ಬೇರೆ ಅಂಕಿ ಬರಬಹುದು ಎಂದು ಹತ್ತು ವರ್ಷ ಶಾಲೆಗೆ ಬಂದ ಮಕ್ಕಳಿಗೆ ಯಾರೂ ಹೇಳಿರಲಿಲ್ಲ. ಅವರಿಗೆ ಗೊತ್ತಿದ್ದದ್ದು ಒಂದೇ, ಪಕ್ಕದವನ ಹಾಗೆ ಇದ್ದರೆ ಸರಿ.

ಎರಡನೇ ದಿನ ಎಡವಟ್ಟಾಯಿತು. ಇಳಿಹೊತ್ತಿನ ಬಿಸಿಲು ಕಿಟಕಿಯಿಂದ ನೇರ ಒಳಗೆ ಬರುತ್ತಿತ್ತು. ನಾನು ಒಂದು ಗುಂಪಿನ ಸ್ಕೇಲು ಸರಿ ಮಾಡುತ್ತಿದ್ದಾಗ ಹಿಂದೆ ಇನ್ನೊಂದು ಗುಂಪು ಲೆನ್ಸನ್ನು ಬಿಸಿಲಿಗೆ ಹಿಡಿದು, ಅಕ್ಕಿ ಮೂಟೆಯ ಗೋಣಿಯ ಮೇಲೆ ಚುಕ್ಕಿ ಮಾಡಿತ್ತು. ಸುಟ್ಟ ವಾಸನೆ ಬಂದಾಗ ನೋಡಿದರೆ ಎಂಟಾಣೆಯಗಲ ಕಪ್ಪು, ಹೊಗೆ. ನೀರು ಹಾಕಿ ಆರಿಸಿದೆವು. ತಪ್ಪು ನನ್ನದೇ, ಬಿಸಿಲಿನ ಹೊತ್ತಿನಲ್ಲಿ ಲೆನ್ಸು ಕೊಟ್ಟು ಬೆನ್ನು ತಿರುಗಿಸಬಾರದಿತ್ತು. ಹೆಡ್ಮಾಸ್ಟರು ಬಂದರು, ನೋಡಿದರು, ಕೋಣೆಗೆ ತಾವೇ ಬೀಗ ಹಾಕಿದರು.

“ನೋಡಿ ಮೇಡಂ, ಮಕ್ಕಳು ಪಾಸಾಗ್ಬೇಕು, ಅಷ್ಟೇ ನಂಗೆ ಬೇಕಾಗಿರೋದು. ಆ ಲೆನ್ಸ್ ಎಷ್ಟಿದ್ರೆ ಯಾರಿಗೇನು? ಪ್ರಶ್ನೆ ಪತ್ರಿಕೇಲಿ ಲೆನ್ಸ್ ಕೊಡ್ತಾರಾ?”

ಬೀಗ ಕೋಣೆಗೆ ತಾನೇ, ಲೆನ್ಸು ನನ್ನ ಬ್ಯಾಗಿನಲ್ಲಿತ್ತು. ಬೆಳಗಿನ ಪ್ರಾರ್ಥನೆಗೆ ಮುಂಚೆ, ಸೂರ್ಯ ಶಾಲೆಯ ಹಿಂದೆ ಇರುವಾಗ, ಜಗಲಿಯ ಮೇಲೆ ಪ್ರಯೋಗ ಮುಂದುವರಿಸಿದೆವು. ನಾನು ಮೊದಲಿಗಿಂತ ಮುಂಚಿನ ಬಸ್ಸು ಹಿಡಿಯಬೇಕಾಯಿತು. ಎಂಟು ದಿನ ಹಿಡಿಯಿತು. ಆ ಹುಡುಗಿ ಎಂಟೂ ದಿನ ನನಗಿಂತ ಮೊದಲೇ ಬಂದು ಪಟ್ಟಿ, ಕ್ಲಿಪ್ಪು ಜೋಡಿಸಿ ಇಟ್ಟಿರುತ್ತಿದ್ದಳು. ಕೊನೆಗೆ ನಲವತ್ತೆರಡು ಪುಸ್ತಕದಲ್ಲೂ ಅಳೆದ ಅಂಕಿಯೇ ಇತ್ತು. ಯಾವುದೂ ಒಂದರ ಹಾಗೆ ಇನ್ನೊಂದು ಇರಲಿಲ್ಲ, ಎಲ್ಲವೂ ಹದಿನೈದರ ಅಕ್ಕಪಕ್ಕ.

ಆಂತರಿಕ ಅಂಕಗಳನ್ನು ಪರಿಶೀಲಿಸಲು ತಾಲ್ಲೂಕಿನ ಬೇರೆ ಶಾಲೆಗಳ ಮೂವರು ಶಿಕ್ಷಕರ ತಂಡ ಬರುತ್ತದೆ. ಅವರು ಬರುವುದಕ್ಕೆ ನಾಲ್ಕು ದಿನ ಮುಂಚೆ ಹೆಡ್ಮಾಸ್ಟರು ರೆಕಾರ್ಡುಗಳನ್ನು ತಿರುವಿ ಹಾಕಿ ನನ್ನನ್ನು ಕರೆಸಿದರು.

“ಇದೇನು ಮೇಡಂ ಇದು? ಒಬ್ಬೊಬ್ಬರದ್ದು ಒಂದೊಂದು. ಟೀಮ್‌ನೋರು ಏನಂತಾರೆ?”

“ಅಳೆದ್ರೆ ಹಾಗೇ ಸರ್ ಬರೋದು.”

“ಎಲ್ಲಾ ತಿದ್ದಿಸಿ.”

“ಆಗಲ್ಲ ಸರ್.”

ಅವರಿಗೂ ನಲವತ್ತೆರಡು ತಿದ್ದಿಸಲು ಸಮಯವಿರಲಿಲ್ಲ. ಆದರೆ ಒಂದು ಪುಟ ಮಾತ್ರ ಅವರ ಕಣ್ಣಿಗೆ ಮುಳ್ಳಾಗಿತ್ತು. ಗೀಟಿನ ಮೇಲೆ ಗೀಟು, ಕೆಳಗೆ ‘ತಪ್ಪು ನನ್ನದು’ ಎಂಬ ನನ್ನ ಬರಹ. ಸರ್ಕಾರಿ ದಾಖಲೆಯಲ್ಲಿ ಒಬ್ಬ ಶಿಕ್ಷಕಿ ತಪ್ಪೊಪ್ಪಿಕೊಳ್ಳುವುದು ಎಂದರೇನು. ಆ ಹಾಳೆಯೊಂದನ್ನಾದರೂ ತೆಗೆಸಿ ಹೊಸದು ಬರೆಸಿ ಎಂದರು. ಅದಕ್ಕೂ ನಾನು ಒಪ್ಪಲಿಲ್ಲ. ಆಗ ಹುಡುಗಿಯನ್ನು ಕರೆಸಿದರು, ಅಡುಗೆಮನೆಯಿಂದ ಅವಳ ತಾಯಿಯನ್ನೂ ಕರೆಸಿದರು. ಆಕೆ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಬಂದು ಬಾಗಿಲ ಹತ್ತಿರ ನಿಂತರು.

“ನಿನ್ನ ಮಗಳು ಒಂದು ಹಾಳೆ ತಿದ್ದಿ ಬರೀಬೇಕು. ಮೇಡಂ ಮಾತು ಕೇಳ್ಕೊಂಡು ಹಠ ಮಾಡ್ತಾವಳೆ. ಹೇಳಮ್ಮ ಸ್ವಲ್ಪ.”

“ಸುಳ್ ಬರ್ದವ್ಳಾ ಸಾ?”

“ಸುಳ್ಳು ಅಂತಲ್ಲ. ವರ್ಷಾ ವರ್ಷಾ ಬರ್ಕೊಂಡು ಬಂದಿರೋ ಲೆಕ್ಕ ಒಂದಿದೆ. ಎಲ್ಲರೂ ಅದನ್ನೇ ಬರೀತಾರೆ.”

ಆಕೆ ಮೆಲ್ಲಗೆ ಹೇಳಿದರು. “ಅಕ್ಕಿ ಒಂದೊಂದ್ ಮೂಟೆ ಒಂದೊಂದ್ ತರ ನೀರ್ ಕೇಳ್ತದೆ ಸಾ. ಓದ್ ವರ್ಸದ ಅಳ್ತೇಲಿ ಈ ವರ್ಸದ ಅಕ್ಕಿ ಬೇಯ್ಸುದ್ರೆ ಮಕ್ಳು ಗಂಜಿ ಕುಡೀಬೇಕಾಯ್ತದೆ. ನಾನ್ ಮೂಟೆ ಬಿಚ್ಚುದ್ ದಿನ ಒಂದ್ ಪಾವ್ ಬೇಯ್ಸಿ ನೋಡ್ಬುಟ್ಟೇ ಎಸ್ರಿಡೋದು. ನಮ್ ಉಡ್ಗಿನೂ ಅಂಗೇ ನೋಡ್ಬುಟ್ಟು ಬರ್ದವ್ಳೆ.”

ಬಿ.ಎಡ್. ಓದುವಾಗ ವಿಜ್ಞಾನದ ವಿಧಾನ ಎಂದರೇನು ಎಂದು ನಾವು ಪುಟಗಟ್ಟಲೆ ಬರೆದಿದ್ದೆವು. ಈ ಹೆಂಗಸು ನಾಲ್ಕು ಮಾತಿನಲ್ಲಿ ಮುಗಿಸಿದ್ದರು. ಹೆಡ್ಮಾಸ್ಟರ ಮುಖ ಕೆಂಪಾಯಿತು. ಮೇಜಿನ ಮೇಲಿನ ಫೈಲು ಸರಿಸುತ್ತ, ಯಾರ ಮುಖವನ್ನೂ ನೋಡದೆ ಅಂದರು.

“ಬರೋ ವರ್ಷ ಅಡುಗೆಗೆ ಯಾರನ್ನ ಇಟ್ಕೋಬೇಕು ಅಂತ ಸಮಿತಿ ಮೀಟಿಂಗ್ ಇದೆ. ಗೊತ್ತಲ್ಲಮ್ಮ ನಿಂಗೆ.”

ಆಕೆ “ಗೊತ್ತು ಸಾ” ಎಂದು ಹೊರಟುಹೋದರು. ಹುಡುಗಿ ತಾಯಿಯ ಬೆನ್ನನ್ನೇ ನೋಡುತ್ತಿದ್ದಳು. ಅಲ್ಲೇ, ಆ ಕ್ಷಣವೇ ನಾನು ಜಗಳ ಆಡಬೇಕಿತ್ತು. ಹೊರಗೆ ಬಂದ ಮೇಲೆ ಆಡಬೇಕಾದ ಮಾತೆಲ್ಲ ಬಾಯಿಗೆ ಬಂದವು, ಬಸ್ಸಿನಲ್ಲಿ ನಂಜನಗೂಡು ಮುಟ್ಟುವವರೆಗೂ ಮನಸ್ಸಿನಲ್ಲೇ ಜಗಳ ಆಡಿದೆ. ಅದರಿಂದ ಯಾರಿಗೆ ಏನು ಪ್ರಯೋಜನ?

ಮರುದಿನ ಹುಡುಗಿ ಬಂದು, “ಮಿಸ್, ರೆಕಾರ್ಡಿನ ಅಟ್ಟೆ ಕಿತ್ತೋಗ್ಬುಟ್ಟದೆ, ಹೊಸದು ಹಾಕ್ಕೊಂಡ್ ಬತ್ತೀನಿ,” ಎಂದು ಪುಸ್ತಕ ಕೇಳಿದಳು. ಕೊಟ್ಟೆ. ಮಾರನೆಯ ದಿನ ಹೊಸ ಅಟ್ಟೆ ಹಾಕಿ ತಂದುಕೊಟ್ಟಳು. ನಾನು ತೆರೆದು ನೋಡದೆ ಕಟ್ಟಿನಲ್ಲಿ ಸೇರಿಸಿ ದಾರ ಬಿಗಿದೆ.

ತಂಡದವರು ಬಂದರು. ಮುಖ್ಯಸ್ಥರು ತಾಲ್ಲೂಕಿನ ಇನ್ನೊಂದು ಶಾಲೆಯ ಹಿರಿಯ ವಿಜ್ಞಾನ ಶಿಕ್ಷಕರು. ಬೋಂಡ ತಿಂದು, ಕಾಫಿ ಕುಡಿದು, ಕಟ್ಟು ಬಿಚ್ಚಿದರು. ನಾಲ್ಕೈದು ರೆಕಾರ್ಡು ನೋಡುವಷ್ಟರಲ್ಲಿ ಹಣೆ ಗಂಟಿಕ್ಕಿದರು. “ಏನ್ರೀ ಮೇಡಂ, ಒಂದು ಕ್ಲಾಸಿಗೆ ಒಂದು ಉತ್ತರ ಬೇಡ್ವಾ?” ನಾನು ಬ್ಯಾಗಿನಿಂದ ಲೆನ್ಸು, ಪಟ್ಟಿ, ಸ್ಕೇಲು ತೆಗೆದು ಅವರ ಮುಂದೆ ಇಟ್ಟೆ. “ಕಿಟಕಿ ಪಕ್ಕದಲ್ಲೇ ಇದೆ ಸರ್. ಎರಡು ನಿಮಿಷ. ನೀವೇ ಅಳೆದು ನೋಡಿ.” ಅವರು ಲೆನ್ಸನ್ನು ಮುಟ್ಟಲಿಲ್ಲ. “ಬಿಡಿ ಮೇಡಂ, ಇನ್ನೂ ಎರಡು ಶಾಲೆ ಇದೆ,” ಎಂದು ಮುಂದಿನ ಪುಸ್ತಕ ತೆಗೆದರು.

ಹೊಸ ಅಟ್ಟೆಯ ಪುಸ್ತಕ. ಪುಟ ತೆರೆದವರ ಮುಖ ಅರಳಿತು. “ನೋಡಿ, ಇದು ರೆಕಾರ್ಡು ಅಂದ್ರೆ.” ಹಳೆಯ ಹಾಳೆ ಇರಲಿಲ್ಲ. ಹೊಸ ಹಾಳೆಯಲ್ಲಿ ಮುದ್ದಾದ ಅಕ್ಷರದಲ್ಲಿ ಮೂರು ಸಲ ಇಪ್ಪತ್ತು, ಸರಾಸರಿ ಇಪ್ಪತ್ತು. ಮುಖ್ಯಸ್ಥರು ಆ ಹುಡುಗಿಯನ್ನು ಕರೆಸಿದರು, ಬೆನ್ನು ತಟ್ಟುವವರ ಧಾಟಿಯಲ್ಲಿ ಕೇಳಿದರು. “ಹೇಗಮ್ಮ ಮಾಡ್ದೆ ಈ ಪ್ರಯೋಗ? ಹೇಳು.”

ಅವಳು ಹೆಡ್ಮಾಸ್ಟರ ಕಡೆ ನೋಡಿದಳು. ನನ್ನ ಕಡೆ ನೋಡಿದಳು. ಆಮೇಲೆ ನೆಲ ನೋಡಿಕೊಂಡು ಹೇಳಿದಳು.

“ಇದನ್ನ ನಾನು ಮಾಡ್ಲಿಲ್ಲ ಸಾ. ನೋಡ್ಕೊಂಡು ಬರ್ದೆ. ಮಾಡ್ದಾಗ ಬಂದಿದ್ದು ಹದಿನೈದು.”

“ಅಂದ್ರೆ ಇದು ಕಾಪಿ?”

“ಊ ಸಾ.”

ಮುಖ್ಯಸ್ಥರು ಪೆನ್ನಿನ ಕ್ಯಾಪು ತೆಗೆದರು. ನಾನು ಎದ್ದುನಿಂತು, ಈ ಮಗು ಪ್ರಯೋಗ ಮಾಡಿದೆ, ಇಡೀ ಶಾಲೆಯಲ್ಲಿ ಮೊದಲು ಮಾಡಿದ್ದೇ ಇವಳು, ಹಾಳೆ ಯಾಕೆ ಬದಲಾಯಿತು ಎಂದು ಹೆಡ್ಮಾಸ್ಟರನ್ನು ಕೇಳಿ ಎಂದೆ. “ನಂಗೇನು ಗೊತ್ತು ಮೇಡಂ, ನಾನೇನು ಬರೆಸ್ದೆನಾ?” ಎಂದರು ಹೆಡ್ಮಾಸ್ಟರು. ಹುಡುಗಿ ನನ್ನತ್ತ ನೋಡಿ, ಬೇಡ ಎಂಬಂತೆ ತಲೆಯಾಡಿಸಿದಳು. ಕಿಟಕಿಯಾಚೆ ಅವಳ ತಾಯಿ ಪಾತ್ರೆ ತೊಳೆಯುತ್ತಿದ್ದರು. ನಾನು ಕುಳಿತುಕೊಂಡೆ.

ಅಂಕದ ಪಟ್ಟಿಯಲ್ಲಿ ಅವಳ ಹೆಸರಿನ ಮುಂದೆ ಎರಡು ಅಂಕ ಕಡಿತವಾಯಿತು. ಷರಾ ಕಾಲಂನಲ್ಲಿ ‘ಪ್ರಯೋಗ ಮಾಡಿರುವುದಿಲ್ಲ’ ಎಂದು ಬರೆದರು. ಆ ಶಾಲೆಯಲ್ಲಿ ಅಷ್ಟು ವರ್ಷ ಒಂದು ಮಗುವೂ ಪ್ರಯೋಗ ಮಾಡಿರಲಿಲ್ಲ. ಒಬ್ಬರಿಗೂ ಹಾಗೆಂದು ಬರೆದಿರಲಿಲ್ಲ. ಮೊದಲು ಮಾಡಿದವಳಿಗೆ, ನಿಜ ಹೇಳಿದ ಒಬ್ಬಳಿಗೆ ಬರೆದರು. ಕೆಳಗೆ ವಿಷಯ ಶಿಕ್ಷಕಿ ಸಹಿ ಹಾಕಬೇಕಿತ್ತು. ಸಹಿಯ ಜಾಗದಲ್ಲಿ ನಾನು ‘ಈ ವಿದ್ಯಾರ್ಥಿನಿ ನನ್ನೆದುರು ಎಂಟು ದಿನ ಈ ಪ್ರಯೋಗ ಮಾಡಿದ್ದಾಳೆ. ಷರಾವನ್ನು ಒಪ್ಪುವುದಿಲ್ಲ’ ಎಂದು ಬರೆದೆ. ಅದಕ್ಕೆ ಕಾಲಂ ಇಲ್ಲ ಮೇಡಂ ಎಂದರು. ಇಲ್ಲದಿದ್ದರೆ ಅಂಚಿನಲ್ಲಿ ಇರಲಿ ಎಂದೆ. ಪಟ್ಟಿ ತಾಲ್ಲೂಕು ಕಚೇರಿಗೆ ಹೋಯಿತು. ನನ್ನ ಬರಹದ ಬಗ್ಗೆ ಯಾರೂ ಒಂದು ಮಾತು ಕೇಳಲಿಲ್ಲ, ನೋಟಿಸನ್ನೂ ಕೊಡಲಿಲ್ಲ. ಕೊಟ್ಟಿದ್ದರೆ ಓದಿದ್ದಾರೆ ಎಂದಾದರೂ ಗೊತ್ತಾಗುತ್ತಿತ್ತು. ಎರಡು ಅಂಕ ವಾಪಸ್ಸು ಬರಲಿಲ್ಲ.

ತಂಡ ಹೋದ ಮೇಲೆ ಅವಳು ಶಾಲೆಯ ಗೇಟಿನ ಹತ್ತಿರ ತಾಯಿಗಾಗಿ ಕಾಯುತ್ತ ನಿಂತಿದ್ದಳು. ನಾನು ಹತ್ತಿರ ಹೋಗಿ ಹೆಡ್ಮಾಸ್ಟರನ್ನೂ ತಂಡದವರನ್ನೂ ಬಾಯಿಗೆ ಬಂದ ಹಾಗೆ ಬೈಯತೊಡಗಿದೆ. ಮಕ್ಕಳ ಮುಂದೆ ಆಡಬಾರದ ಮಾತೂ ಆಡಿದೆ. ಅವಳು ಪೂರ್ತಿ ಕೇಳಿಸಿಕೊಂಡಳು. ಅವಳಿಗೆ ಸಿಟ್ಟು ಇದ್ದಂತೆ ಕಾಣಲಿಲ್ಲ. ಲೆಕ್ಕದ ತಪ್ಪು ಯಾವ ಸಾಲಿನಲ್ಲಿ ಆಯಿತೆಂದು ಹುಡುಕುವವಳ ಹಾಗೆ ಕೇಳಿದಳು.

“ಮಿಸ್, ಆವತ್ತು ಗೀಟು ಹೊಡೆಯೋಕೆ ಮುಂಚೆ ನೀವು ಒಂದ್ಸಲ ಅಳೆದು ನೋಡಿದ್ರೆ, ನನ್ನ ಹಾಳೇಲಿ ಗೀಟೇ ಇರ್ತಿರಲಿಲ್ಲ ಅಲ್ವಾ? ಅವರು ನಮ್ಮವ್ವನ್ನ ಕರೀತಿರಲಿಲ್ಲ.”

“ಹೌದು ಕಣಮ್ಮ,” ಎಂದೆ.